ನಿಕ್ಸನ್ ಮುಖ ನೋಡಿದ ಮೇಲೆ

ನಮ್ಮ ಮನೆಯಲ್ಲಿ ನಿಕ್ಸನ್ ಎಂಬ ಹೆಸರು ಬೈಗುಳವಾಗಿ ಬಳಕೆಯಲ್ಲಿತ್ತು. ಮಾತಿಗೆ ತಪ್ಪಿದ ಗುತ್ತಿಗೆದಾರ, ತೂಕದಲ್ಲಿ ಮೋಸ ಮಾಡುವ ಅಂಗಡಿಯವನು, ಸಭೆಯಲ್ಲಿ ಒಂದು ಹೇಳಿ ಹೊರಗೆ ಮತ್ತೊಂದು ಹೇಳುವ ಪುಢಾರಿ, ಇಂಥವರ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ತಂದೆಯವರು “ಅವನೊಬ್ಬ ನಿಕ್ಸನ್” ಎಂದು ಹೇಳಿ ಮಾತು ಮುಗಿಸುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅಮೆರಿಕದ ಆ ಅಧ್ಯಕ್ಷ ಪದವಿ ಬಿಟ್ಟು ಆರು ವರ್ಷ ಕಳೆದಿತ್ತು. ಆದ್ದರಿಂದ ನನಗೆ ಮೊದಲು ಪರಿಚಯವಾದದ್ದು ಬೈಗುಳ. ಅದರ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಆಮೇಲೆ ತಿಳಿದ ಸಂಗತಿ.

ತಂದೆಯವರ ಸಿಟ್ಟು ಕಾರಣವಿಲ್ಲದ್ದಲ್ಲ. 1971ರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಆಗತಾನೆ ಮೇಷ್ಟರ ಕೆಲಸಕ್ಕೆ ಸೇರಿದ್ದರು. ಆ ವರ್ಷದ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಡಾಕ್ಕಾ ನಗರದ ಮೇಲೆ ಬಿದ್ದಿತು. ಅಲ್ಲಿಂದ ಮುಂದೆ ಪೂರ್ವ ಬಂಗಾಳದಿಂದ ನಿರಾಶ್ರಿತರ ಪ್ರವಾಹ ನಮ್ಮ ದೇಶಕ್ಕೆ ಹರಿದು ಬಂತು. ವರ್ಷ ಮುಗಿಯುವಷ್ಟರಲ್ಲಿ ಹಾಗೆ ಬಂದವರು ಸುಮಾರು ಒಂದು ಕೋಟಿ ಜನ. ಡಾಕ್ಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಎಂಬಾತ ತನ್ನ ಕಣ್ಣ ಮುಂದೆ ನಡೆಯುತ್ತಿದ್ದ ಕೊಲೆಯನ್ನು ವಾಷಿಂಗ್ಟನ್ನಿಗೆ ವರದಿ ಮಾಡುತ್ತಲೇ ಇದ್ದ. ಏಪ್ರಿಲ್ 6ರಂದು ಆತನ ಕಚೇರಿಯ ಇಪ್ಪತ್ತು ಮಂದಿ ಅಧಿಕಾರಿಗಳು ತಮ್ಮ ಸರಕಾರದ ನೀತಿಯನ್ನು ಖಂಡಿಸಿ ಬರೆದ ತಂತಿಯನ್ನು ತಾನೂ ಅನುಮೋದಿಸಿ ಕಳುಹಿಸಿದ. ನಿಕ್ಸನ್ ಅದಕ್ಕೆ ಕಿವಿಗೊಡಲಿಲ್ಲ. ಪಾಕಿಸ್ತಾನದ ಯಾಹ್ಯಾ ಖಾನ್ ಆಗ ಚೀನಾದೊಡನೆ ಗುಟ್ಟಿನ ಮಾತುಕತೆಗೆ ಸೇತುವೆಯಾಗಿದ್ದ. ಸೇತುವೆ ಮುರಿಯಬಾರದೆಂಬುದೇ ಶ್ವೇತಭವನದ ಚಿಂತೆ. ಬ್ಲಡ್‌ಗೆ ಆ ಹುದ್ದೆ ತಪ್ಪಿತು.

ಡಿಸೆಂಬರಿನಲ್ಲಿ ಯುದ್ಧ ಹತ್ತಿದಾಗ ಅಣುಶಕ್ತಿಯಿಂದ ನಡೆಯುವ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ಹಡಗು ಬಂಗಾಳ ಕೊಲ್ಲಿಯತ್ತ ಹೊರಟಿತು. ಊರಿನ ವಾಚನಾಲಯದ ರೇಡಿಯೋ ಮುಂದೆ ಕುಳಿತು ತಂದೆಯವರು ಈ ಸುದ್ದಿ ಕೇಳಿದ್ದರು. “ಆವತ್ತು ರಾತ್ರಿ ಯಾರಿಗೂ ಅನ್ನ ಸೇರಲಿಲ್ಲ” ಎಂದು ಈಗಲೂ ಹೇಳುತ್ತಾರೆ. ಹಡಗು ಬಂದು ಮಾಡಿದ್ದೇನೂ ಇಲ್ಲ. ಡಿಸೆಂಬರ್ 16ಕ್ಕೆ ಡಾಕ್ಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಆದರೆ ಹೆದರಿಸಲು ಬಂದವನ ಹೆಸರು ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ವಾಷಿಂಗ್ಟನ್ನಿಗೆ ಹೋಗಿದ್ದಾಗ, ಮೊದಲ ದಿನದ ಮಾತುಕತೆ ಮುಗಿದ ಮಾರನೆಯ ಬೆಳಿಗ್ಗೆ, ನಿಕ್ಸನ್ ಮತ್ತು ಕಿಸಿಂಜರ್ ಆಕೆಯನ್ನು ಎಂತಹ ಹೊಲಸು ಮಾತಿನಿಂದ ಬೈದುಕೊಂಡರೆಂಬುದು 2005ರಲ್ಲಿ ಅಮೆರಿಕ ಸರಕಾರವೇ ಪ್ರಕಟಿಸಿದ ದಾಖಲೆಗಳಿಂದ ಹೊರಬಿತ್ತು. ಕಿಸಿಂಜರ್ ಆಗ ವಿಷಾದ ವ್ಯಕ್ತಪಡಿಸಿದರು. ನಿಕ್ಸನ್ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ತಂದೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಇಂತಹ ಮನೆಯಲ್ಲಿ ಬೆಳೆದ ನಾನು ನಿಕ್ಸನ್ನನ ವಿಷಯದಲ್ಲಿ ಮನಸ್ಸು ಬದಲಾಯಿಸುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ. ಬಂದದ್ದು ಕಾವ್ಯದ ಪಾಠದ ದಾರಿಯಿಂದ.

ಎರಡು ವರ್ಷದ ಹಿಂದೆ ತರಗತಿಯಲ್ಲಿ ರನ್ನನ ‘ಗದಾಯುದ್ಧ’ವನ್ನು ಪಾಠ ಮಾಡುತ್ತಿದ್ದೆ. ಹದಿನೆಂಟು ದಿನದ ಯುದ್ಧ ಮುಗಿದಿದೆ. ದುರ್ಯೋಧನ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣನ ದೇಹ, ದುಶ್ಶಾಸನನ ದೇಹ, ಕರ್ಣನ ದೇಹ ಒಂದಾದ ಮೇಲೊಂದು ಕಣ್ಣಿಗೆ ಬೀಳುತ್ತವೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಇಲ್ಲಿಗೆ ಬಂದಾಗ ಯಾವ ವರ್ಷದ ತರಗತಿಯಾದರೂ ಸದ್ದಡಗಿ ಕೇಳುತ್ತದೆ. ಆ ದಿನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಇವನ ಮೇಲೆ ಹೀಗೆ ಕನಿಕರಪಟ್ಟರೆ ದ್ರೌಪದಿಗೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲವೆ?” ಎಂದು ಕೇಳಿದಳು. ದುರಂತ ನಾಯಕನ ಲಕ್ಷಣ, ಬಿ.ಎಂ.ಶ್ರೀಯವರು ಈ ಕಾವ್ಯವನ್ನು ರುದ್ರನಾಟಕದ ಕಣ್ಣಿನಿಂದ ನೋಡಿದ ಬಗೆ, ಎಂದು ನಾನು ಪುಸ್ತಕದಲ್ಲಿರುವುದನ್ನು ಹೇಳಿದೆ. ಹುಡುಗಿ ಕುಳಿತಳು. ಉತ್ತರ ಸಿಕ್ಕಿತೆಂದು ಕುಳಿತಳೆ, ಗಂಟೆ ಹೊಡೆಯುವ ಹೊತ್ತಾಯಿತೆಂದು ಕುಳಿತಳೆ, ಹೇಳಲಾರೆ.

ಅದೇ ವಾರದ ಒಂದು ರಾತ್ರಿ, 1977ರಲ್ಲಿ ಡೇವಿಡ್ ಫ್ರಾಸ್ಟ್ ಎಂಬ ಇಂಗ್ಲಿಷ್ ಸಂದರ್ಶಕ ನಿಕ್ಸನ್ನನನ್ನು ಟೆಲಿವಿಷನ್ ಕ್ಯಾಮರಾದ ಮುಂದೆ ಕೂರಿಸಿಕೊಂಡು ಮಾಡಿದ ಸಂದರ್ಶನದ ಮೊದಲ ಕಂತನ್ನು ನೋಡಿದೆ. ಅದರ ಮೇಲೆ ಪೀಟರ್ ಮಾರ್ಗನ್ 2006ರಲ್ಲಿ ಬರೆದ ನಾಟಕ, 2008ರಲ್ಲಿ ಬಂದ ಸಿನಿಮಾ, ಇವುಗಳ ವಿಷಯ ಕೇಳಿದ್ದೆ. ಮೂಲವನ್ನು ನೋಡಿರಲಿಲ್ಲ. ಕುತೂಹಲದಿಂದ ಆರಂಭಿಸಿದವನು ಮುಗಿಯುವ ತನಕ ಎದ್ದಿರಲಿಲ್ಲ.

ಈ ಸಂದರ್ಶನದ ಮಹತ್ವ ತಿಳಿಯಬೇಕಾದರೆ ನಿಕ್ಸನ್ನನಿಗೂ ಟೆಲಿವಿಷನ್ನಿಗೂ ಇದ್ದ ಹಳೆಯ ವ್ಯವಹಾರವನ್ನು ತಿಳಿದಿರಬೇಕು. 1913ರಲ್ಲಿ ಕ್ಯಾಲಿಫೋರ್ನಿಯದ ಯಾರ್ಬ ಲಿಂಡ ಎಂಬ ಊರಿನಲ್ಲಿ ಆತ ಹುಟ್ಟಿದ. ತಂದೆ ನಿಂಬೆ ತೋಟ ಮಾಡಿ ನಷ್ಟಪಟ್ಟು ಆಮೇಲೆ ದಿನಸಿ ಅಂಗಡಿ ಇಟ್ಟವನು. ತಾಯಿ ಕ್ವೇಕರ್ ಪಂಥದ ಸಾಧ್ವಿ. ಇಬ್ಬರು ಸೋದರರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಓದಿ, ದುಡಿದು ಮೇಲೆ ಬಂದ ಈ ಮನುಷ್ಯನಿಗೆ ಹುಟ್ಟಿನಿಂದಲೇ ಎಲ್ಲ ಪಡೆದವರ ಮೇಲೆ ಒಳಗೊಳಗೆ ಕುದಿಯುವ ಅಸಮಾಧಾನವಿತ್ತು. 1952ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ, ಬೆಂಬಲಿಗರು ಕೂಡಿಸಿದ್ದ 18 ಸಾವಿರ ಡಾಲರುಗಳ ನಿಧಿಯ ವಿಷಯದಲ್ಲಿ ಗುಲ್ಲೆದ್ದಿತು. ಪಕ್ಷದವರೇ ಆತನನ್ನು ಕೈಬಿಡುವಂತಿದ್ದರು. ಸೆಪ್ಟೆಂಬರ್ 23ರಂದು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಸಾಲ ಸೋಲಗಳ ಲೆಕ್ಕ ಒಪ್ಪಿಸಿದ. ಹೆಂಡತಿಗೆ ಇರುವುದು ಸಾಧಾರಣ ಬಟ್ಟೆಯ ಕೋಟು ಎಂದ. ಉಡುಗೊರೆಯಾಗಿ ಬಂದ ಚೆಕರ್ಸ್ ಎಂಬ ನಾಯಿಮರಿಯನ್ನು ಮಾತ್ರ ಏನಾದರೂ ಹಿಂದಿರುಗಿಸುವುದಿಲ್ಲ, ಮಕ್ಕಳಿಗೆ ಅದರ ಮೇಲೆ ಪ್ರೀತಿ ಎಂದ. ಸುಮಾರು 6 ಕೋಟಿ ಜನ ಅದನ್ನು ನೋಡಿದರು, ಆತ ಉಳಿದುಕೊಂಡ.

ಅಂದು ಕಾಪಾಡಿದ ಪೆಟ್ಟಿಗೆಯೇ ಎಂಟು ವರ್ಷದ ಮೇಲೆ ಮುಳುಗಿಸಿತು. 1960ರ ಸೆಪ್ಟೆಂಬರ್ 26ರಂದು ಕೆನೆಡಿಯೊಡನೆ ಷಿಕಾಗೋದಲ್ಲಿ ನಡೆದ ವಾದ ಪ್ರಸಿದ್ಧವಾದದ್ದು. ನಿಕ್ಸನ್ ಮೊಣಕಾಲಿನ ಕಾಯಿಲೆಯಿಂದ ಆಸ್ಪತ್ರೆ ಸೇರಿ ಎದ್ದು ಬಂದಿದ್ದ. ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು. ಪಕ್ಕದಲ್ಲಿ ಕೆನೆಡಿ ಮದುವಣಿಗನಂತೆ ನಿಂತಿದ್ದ. ರೇಡಿಯೋ ಕೇಳಿದವರು ನಿಕ್ಸನ್ ಗೆದ್ದನೆಂದೂ, ತೆರೆ ನೋಡಿದವರು ಕೆನೆಡಿ ಗೆದ್ದನೆಂದೂ ತಿಳಿದರೆಂಬ ಕಥೆಯುಂಟು. ಇದಕ್ಕೆ ಆಧಾರ ಗಟ್ಟಿಯಲ್ಲವೆಂದು ವಿದ್ವಾಂಸರು ಆಮೇಲೆ ಸಂಶಯಪಟ್ಟಿದ್ದಾರೆ. ಆದರೂ ಒಂದೂಕಾಲು ಲಕ್ಷಕ್ಕೂ ಕಡಮೆ ಮತಗಳ ಅಂತರದಲ್ಲಿ ಸೋತ ಆ ಚುನಾವಣೆಯಲ್ಲಿ ಮುಖಕ್ಕೂ ಒಂದು ಪಾಲಿತ್ತೆಂದು ನಿಕ್ಸನ್ನನೇ ನಂಬಿದ್ದ.

ಮುಂದಿನದು ಎಲ್ಲರೂ ಬಲ್ಲ ಕಥೆ. 1968ರಲ್ಲಿ ಅಧ್ಯಕ್ಷನಾಗಿ ಆರಿಸಿ ಬಂದ. 1972ರ ಫೆಬ್ರವರಿಯಲ್ಲಿ ಚೀನಾಕ್ಕೆ ಹೋಗಿ ಮಾವೋ ಕೈಕುಲುಕಿ ಬಂದ. ಆ ವರ್ಷದ ನವೆಂಬರಿನಲ್ಲಿ 50 ರಾಜ್ಯಗಳ ಪೈಕಿ 49ನ್ನು ಗೆದ್ದ. ಆದರೆ ಜೂನ್ 17ರ ರಾತ್ರಿಯೇ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದಿದ್ದರು. ಅವರ ಬೆನ್ನ ಹಿಂದೆ ಅಧ್ಯಕ್ಷನ ಚುನಾವಣಾ ಸಮಿತಿಯ ಹಣವಿತ್ತು. ಅದನ್ನು ಮುಚ್ಚಿಹಾಕುವ ಕೆಲಸ ಎರಡು ವರ್ಷ ನಡೆಯಿತು. ಶ್ವೇತಭವನದಲ್ಲಿ ನಡೆದ ಮಾತುಕತೆಯೆಲ್ಲ ಗುಟ್ಟಾಗಿ ಧ್ವನಿಮುದ್ರಿತವಾಗುತ್ತಿತ್ತೆಂಬ ಸಂಗತಿ 1973ರ ಜುಲೈ 16ರಂದು ಬಯಲಾಯಿತು. ಆ ಸುರುಳಿಗಳನ್ನು ಒಪ್ಪಿಸಲೇಬೇಕೆಂದು ಸುಪ್ರೀಂ ಕೋರ್ಟು 1974ರ ಜುಲೈ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಕಳ್ಳರು ಸಿಕ್ಕಿದ ಆರನೆಯ ದಿನವೇ ಬೇಹುಗಾರಿಕೆ ಇಲಾಖೆಯಿಂದ ಪೊಲೀಸ್ ತನಿಖೆಗೆ ಅಡ್ಡಗಾಲು ಹಾಕಿಸುವ ಉಪಾಯಕ್ಕೆ ಅಧ್ಯಕ್ಷ ಒಪ್ಪಿಗೆ ಕೊಟ್ಟಿದ್ದು ಸುರುಳಿಯಲ್ಲಿ ಆತನ ಬಾಯಿಂದಲೇ ಕೇಳಿಸಿತು. ಸ್ವಪಕ್ಷದವರೂ ಕೈಬಿಟ್ಟರು. ಆಗಸ್ಟ್ 9ರಂದು ರಾಜೀನಾಮೆ. ಒಂದು ತಿಂಗಳಲ್ಲಿ, ಸೆಪ್ಟೆಂಬರ್ 8ರಂದು, ಹೊಸ ಅಧ್ಯಕ್ಷ ಫೋರ್ಡ್ ಆತನಿಗೆ ಸಂಪೂರ್ಣ ಕ್ಷಮೆ ನೀಡಿದರು.

ಈ ಕ್ಷಮೆಯಿಂದ ಆದ ನಷ್ಟವೇನೆಂದರೆ, ನಿಕ್ಸನ್ ಯಾವ ನ್ಯಾಯಾಲಯದ ಕಟಕಟೆಯಲ್ಲೂ ಆರೋಪಿಯಾಗಿ ನಿಲ್ಲಲಿಲ್ಲ. ಆತನ ಕೈಕೆಳಗಿನವರು ಜೈಲಿಗೆ ಹೋದರು. ಯಜಮಾನ ಸಮುದ್ರ ತೀರದ ಮನೆಯಲ್ಲಿ ಉಳಿದ. ಜನಕ್ಕೆ ಒಂದು ವಿಚಾರಣೆ ಬೇಕಾಗಿತ್ತು. ಅದನ್ನು ಒದಗಿಸಿದವನು ನ್ಯಾಯಾಧೀಶನಲ್ಲ, ವಕೀಲನಲ್ಲ. ಹಾಸ್ಯ ಕಾರ್ಯಕ್ರಮಗಳಿಂದ ಹೆಸರಾದ ಫ್ರಾಸ್ಟ್. 1975ರ ಆಗಸ್ಟಿನಲ್ಲಿ ಒಪ್ಪಂದವಾಯಿತು: ನಿಕ್ಸನ್ನನಿಗೆ 6 ಲಕ್ಷ ಡಾಲರು, ಜತೆಗೆ ಲಾಭದಲ್ಲಿ ಐದನೆಯ ಒಂದು ಪಾಲು. ತನಗೆ ಇಷ್ಟೊಂದು ವಕೀಲರ ಸಾಲ, ಆಸ್ಪತ್ರೆಯ ಖರ್ಚು ಇಲ್ಲದಿದ್ದರೆ ಆತ ಒಪ್ಪುತ್ತಿದ್ದನೋ ಇಲ್ಲವೋ. ದುಡ್ಡು ಕೊಟ್ಟು ಮಾತು ಕೊಳ್ಳುವುದು ಪತ್ರಿಕಾಧರ್ಮವಲ್ಲವೆಂದು ಅಮೆರಿಕದ ದೊಡ್ಡ ಮೂರು ಟೆಲಿವಿಷನ್ ಸಂಸ್ಥೆಗಳೂ ದೂರ ಸರಿದವು. ಫ್ರಾಸ್ಟ್ ಸ್ವಂತ ಹಣ ಹಾಕಿ, ಊರೂರಿನ ಬಿಡಿ ಕೇಂದ್ರಗಳನ್ನು ಒಂದೊಂದಾಗಿ ಕೂಡಿಸಿ, ತನ್ನದೇ ಒಂದು ಜಾಲ ಕಟ್ಟಿದ.

ಚಿತ್ರೀಕರಣ ಆರಂಭವಾದದ್ದು 1977ರ ಮಾರ್ಚ್ 23ರಂದು. ಆ ತಾರೀಖನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಅದಕ್ಕೆ ಎರಡು ದಿನ ಹಿಂದೆ, ಮಾರ್ಚ್ 21ರಂದು, ನಮ್ಮಲ್ಲಿ ತುರ್ತುಪರಿಸ್ಥಿತಿ ತೆಗೆದುಹಾಕಲ್ಪಟ್ಟಿತು. ಮಾರನೆಯ ದಿನ, 24ರಂದು, ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದರು. ಡಾಕ್ಕಾದ ವರ್ಷದಲ್ಲಿ ಎದುರಾಳಿಗಳಾಗಿದ್ದ ಇಬ್ಬರು, ಅಲ್ಲಿ ನಿಕ್ಸನ್, ಇಲ್ಲಿ ಇಂದಿರಾ, ಒಂದೇ ವಾರದಲ್ಲಿ ಸೋತ ದೊರೆಗಳಾಗಿ ಕುಳಿತಿದ್ದರು. ಆಕೆಗೆ ತನ್ನನ್ನು ತಾನು ಮತ್ತೆ ಜನಕ್ಕೆ ಕಾಣಿಸಿಕೊಳ್ಳಲು ಸಂದರ್ಶಕ ಬೇಕಾಗಲಿಲ್ಲ. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರೇ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಆಕೆಯನ್ನು ಲೋಕಸಭೆಗೆ ಕಳುಹಿಸಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರ ನವೆಂಬರಿನಲ್ಲಿ. ಕಾಫಿ ತೋಟಗಳ ಆ ನಾಡಿನ ಜನ ಮನಸ್ಸು ಮಾಡಿದ್ದು ರಸ್ತೆಯ ಪಕ್ಕದಲ್ಲಿ ನಿಂತು ಕಂಡ ಮುಖದಿಂದ. ನಿಕ್ಸನ್ನನಿಗೆ ಇನ್ನು ಚುನಾವಣೆಯಿರಲಿಲ್ಲ, ತೆರೆಯೊಂದೇ ಉಳಿದಿತ್ತು.

ಸಂದರ್ಶನ ನಾಲ್ಕು ವಾರಗಳಲ್ಲಿ ಹನ್ನೆರಡು ದಿನ, ಒಟ್ಟು ಇಪ್ಪತ್ತೆಂಟು ಗಂಟೆಗೂ ಮೇಲೆ ನಡೆಯಿತು. ಮೊದಮೊದಲು ಫ್ರಾಸ್ಟನ ಕಡೆಯವರು ಕಂಗಾಲಾದರಂತೆ. ಒಂದು ಪ್ರಶ್ನೆ ಕೇಳಿದರೆ ನಿಕ್ಸನ್ ಅದನ್ನು ಸುತ್ತು ಹಾಕಿ, ಹಳೆಯ ನೆನಪುಗಳ ಕಡೆಗೆ ಹೊರಳಿ, ಗಡಿಯಾರದ ಮುಳ್ಳನ್ನು ಸರಿಸುತ್ತಿದ್ದ. ವಾಟರ್‌ಗೇಟ್ ವಿಷಯಕ್ಕೆ ಏಪ್ರಿಲ್ 13 ಮತ್ತು 15 ಎಂದು ಗೊತ್ತಾಗಿತ್ತು. ಫ್ರಾಸ್ಟನ ಸಹಾಯಕರಲ್ಲಿ ಒಬ್ಬನಾದ ಜೇಮ್ಸ್ ರೆಸ್ಟನ್ ನ್ಯಾಯಾಲಯದ ಕಡತಗಳಲ್ಲಿ ಹುಡುಕಿ, ನಿಕ್ಸನ್ ತನ್ನ ಸಲಹೆಗಾರ ಕೋಲ್ಸನ್ ಜೊತೆ ಆಡಿದ, ಅದುವರೆಗೆ ಜನದ ಗಮನಕ್ಕೆ ಬಾರದ ಮಾತುಗಳನ್ನು ತಂದುಕೊಟ್ಟಿದ್ದ. ಅವನ್ನು ಎದುರಿಗೆ ಓದಿದಾಗ ಹಳೆಯ ವಕೀಲನ ಮುಖದಲ್ಲಿ ಲೆಕ್ಕ ತಪ್ಪಿದ ಕ್ಷಣವೊಂದು ಕಾಣುತ್ತದೆ. ಬಾಯಿ ಮುಚ್ಚಿಸುವ ಹಣದ ವಿಷಯ ಬಂತು. ಬೇಕಾದರೆ ಹತ್ತು ಲಕ್ಷ ಡಾಲರು ನಗದಾಗಿ ಹೊಂದಿಸಬಹುದೆಂದು 1973ರ ಮಾರ್ಚ್ 21ರಂದು ನಿಕ್ಸನ್ ಹೇಳಿದ್ದು ಸುರುಳಿಯಲ್ಲಿದೆ. ಫ್ರಾಸ್ಟ್ ಅಂದಿನ ಸಾಲುಗಳನ್ನು ಒಂದಾದ ಮೇಲೊಂದು ಓದಿ ಹೇಳುತ್ತ ಹೋದ. ಸಂದರ್ಭ ಬೇರೆ, ಉದ್ದೇಶ ಬೇರೆ ಎಂದು ನಿಕ್ಸನ್ ಸಮಜಾಯಿಷಿ ಹೇಳಿದ. ಇಲ್ಲಿಯ ತನಕ ನಾನು ನಮ್ಮ ಮನೆಯ ಬೈಗುಳವನ್ನೇ ನೋಡುತ್ತಿದ್ದೆ.

ಆಮೇಲಿನ ಭಾಗ ಬೇರೆ. ತಪ್ಪುಗಳಾದವು ಎಂದಷ್ಟೇ ನಿಕ್ಸನ್ ಹೇಳುತ್ತಾನೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವಿರಾ ಎಂದು ಫ್ರಾಸ್ಟ್ ಕೇಳುತ್ತಾನೆ. ಹಾಗಾದರೆ ನೀವು ಯಾವ ಮಾತು ಹೇಳುತ್ತೀರಿ ಎಂದು ನಿಕ್ಸನ್ ತಿರುಗಿ ಕೇಳುತ್ತಾನೆ. ಫ್ರಾಸ್ಟ್ ಕೈಯಲ್ಲಿದ್ದ ಕಾಗದದ ಹಲಗೆಯನ್ನು ಬದಿಗೆ ಹಾಕಿ, ಮೂರು ಸಂಗತಿಗಳನ್ನು ಮುಂದಿಡುತ್ತಾನೆ: ಆದದ್ದು ಬರಿಯ ತಪ್ಪಲ್ಲ, ಅಪರಾಧದ ಅಂಚಿನದು, ಅಧಿಕಾರದ ದುರುಪಯೋಗವಾಯಿತು, ಎರಡು ವರ್ಷ ಜನ ಅನಾವಶ್ಯಕ ಸಂಕಟಪಟ್ಟರು, ಅದಕ್ಕೆ ಕ್ಷಮೆ ಕೇಳಬೇಕು. ಈಗ ಹೇಳದಿದ್ದರೆ ಬಾಳಿನುದ್ದಕ್ಕೂ ಇದು ನಿಮ್ಮನ್ನು ಕಾಡುತ್ತದೆ ಎನ್ನುತ್ತಾನೆ.

ನಿಕ್ಸನ್ ಮಾತಿಗೆ ತಡಕಾಡುತ್ತಾನೆ. ಅರವತ್ತನಾಲ್ಕು ವರ್ಷದ ಮುಖ. ಕೆನ್ನೆ ಜೋತಿದೆ, ಕಣ್ಣಿನ ಸುತ್ತ ಬಾವು. ಎಲ್ಲೆಲ್ಲಿಗೋ ಹೋಗಿ ಸುತ್ತಿ ಬಂದು ಕೊನೆಗೆ ಹೇಳುತ್ತಾನೆ: ನಾನು ನನ್ನ ಸ್ನೇಹಿತರ ನಂಬಿಕೆ ಕೆಡಿಸಿದೆ, ದೇಶದ ನಂಬಿಕೆ ಕೆಡಿಸಿದೆ, ನಮ್ಮ ರಾಜ್ಯಪದ್ಧತಿಯ ನಂಬಿಕೆ ಕೆಡಿಸಿದೆ, ಸರಕಾರಕ್ಕೆ ಸೇರಬೇಕೆಂಬ ಎಳೆಯರ ಕನಸನ್ನು ಕೆಡಿಸಿದೆ, ಈ ಭಾರವನ್ನು ಬದುಕಿರುವ ತನಕ ಹೊರಬೇಕು. ಇನ್ನೊಂದು ಮಾತು ಹೇಳುತ್ತಾನೆ. ನನ್ನನ್ನು ಕೆಡವಿದವನು ನಾನೇ. ಅವರ ಕೈಗೆ ಕತ್ತಿ ಕೊಟ್ಟೆ, ಅವರು ಚುಚ್ಚಿ ತಿರುವಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಈ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಶತ್ರುವಿನ ಜಾಗದಲ್ಲಿ ನಿಂತು ತನ್ನನ್ನು ನೋಡಿಕೊಳ್ಳುವ ಶಕ್ತಿ, ಒಂದು ಗಳಿಗೆಯ ಮಟ್ಟಿಗಾದರೂ, ಆ ಮನುಷ್ಯನಿಗಿತ್ತು. ದಿನಸಿ ಅಂಗಡಿಯ ಹುಡುಗ, ಬೆವರಿದ ಹಣೆ, ಇಬ್ಬರು ಸೋದರರ ಸಾವು, ಎಲ್ಲ ಒಟ್ಟಿಗೆ ಮನಸ್ಸಿಗೆ ಬಂದವು. ವೈಶಂಪಾಯನ ಸರೋವರದಿಂದ ಎದ್ದು ಬರುವ ದುರ್ಯೋಧನ ನೆನಪಾದ. ನನಗೆ ತಿಳಿಯದಂತೆಯೇ ನನ್ನ ಬಾಯಿಂದ “ಪಾಪ!” ಎಂದು ಬಂತು. ನಲವತ್ತು ದಾಟಿದವನಿಗೆ, ಬಾಲ್ಯದಿಂದ ಬೈಯುತ್ತ ಬಂದವನ ಮೇಲೆ ಕನಿಕರ ಹುಟ್ಟುವುದು ಸಣ್ಣ ಅನುಭವವಲ್ಲ.

ಊರಿಗೆ ಹೋದಾಗ ತಂದೆಯವರಿಗೆ ಇದನ್ನು ಹೇಳಿದೆ. ಒಳ್ಳೆಯ ಸುದ್ದಿ ತಂದವನಂತೆ, ನಡೆದದ್ದನ್ನೆಲ್ಲ ವಿಸ್ತಾರವಾಗಿ ಬಣ್ಣಿಸಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು.

“ಹಾಗಾದರೆ ತಪ್ಪು ಒಪ್ಪಿಕೊಂಡ ಅನ್ನು.”

“ಹೂಂ ಅಪ್ಪ. ಕಾನೂನಿನ ಭಾಷೆಯಲ್ಲಿ ಪೂರ್ತಿ ಒಪ್ಪಲಿಲ್ಲ. ಮನಸ್ಸಿನಿಂದ ಒಪ್ಪಿದ ಅನ್ನಿಸಿತು.”

“ಡಾಕ್ಕಾ ವಿಷಯ ಏನಾದರೂ ಬಂತೇನೋ?”

“ಇಲ್ಲ. ಆ ಕಂತಿನಲ್ಲಿ ಬರಲಿಲ್ಲ.”

“ಯಾರೂ ಕೇಳಲಿಲ್ಲವೋ?”

“ಅದು ವಾಟರ್‌ಗೇಟ್ ಕಂತು ಅಪ್ಪ.”

ತಂದೆಯವರು ಮತ್ತೇನೂ ಹೇಳಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು, ನನ್ನ ಮಕ್ಕಳ ಶಾಲೆಯ ವಿಚಾರ ಕೇಳಿದರು.

ಹಿಂದಿರುಗಿ ಬರುವ ಬಸ್ಸಿನಲ್ಲಿ ಆ ಪ್ರಶ್ನೆಯೇ ತಲೆಯಲ್ಲಿತ್ತು. ನಿಕ್ಸನ್ ಹೊರುತ್ತೇನೆಂದ ಭಾರದಲ್ಲಿ ಸ್ನೇಹಿತರಿದ್ದರು, ದೇಶವಿತ್ತು, ಅಮೆರಿಕದ ಎಳೆಯರಿದ್ದರು. 1971ರ ಮಾರ್ಚಿನ ರಾತ್ರಿ ಡಾಕ್ಕಾ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ಸತ್ತ ಅಧ್ಯಾಪಕರು, ವಿದ್ಯಾರ್ಥಿಗಳು ಇರಲಿಲ್ಲ. ಅವರ ಕೊಲೆಯ ವರದಿ ತನ್ನ ಅಧಿಕಾರಿಗಳಿಂದಲೇ ಬಂದಿದ್ದರೂ ಅದನ್ನು ಬದಿಗಿಟ್ಟ ತಪ್ಪು ಆ ಪಶ್ಚಾತ್ತಾಪದ ಪಟ್ಟಿಗೆ ಸೇರಲಿಲ್ಲ. ಇದು ನಿಕ್ಸನ್ನನೊಬ್ಬನ ಕೊರತೆಯಲ್ಲ. ಅಮೆರಿಕದ ಜನ ತಮಗೆ ಆದ ಮೋಸಕ್ಕೆ ಉತ್ತರ ಕೇಳಿದರು. ಅದು ಅವರ ಹಕ್ಕು. ತಪ್ಪೊಪ್ಪಿಗೆ ಎಷ್ಟೇ ಪ್ರಾಮಾಣಿಕವಾಗಿರಲಿ, ಕೇಳಿದ ಪ್ರಶ್ನೆಯ ಗಡಿಯನ್ನು ಅದು ದಾಟುವುದು ಅಪರೂಪ. ಎದುರಿಗೆ ಕುಳಿತವನು ಯಾರ ಪರವಾಗಿ ಕೇಳುತ್ತಾನೆಂಬುದರ ಮೇಲೆ, ತೆರೆಯ ಮೇಲೆ ಯಾರ ದುಃಖಕ್ಕೆ ಕಣ್ಣು ಒದ್ದೆಯಾಗುತ್ತದೆಂಬುದು ನಿಲ್ಲುತ್ತದೆ.

ಇನ್ನೊಂದು ಸಂಗತಿಯನ್ನೂ ಮರೆತಿದ್ದೆ. ಮೊದಲ ಕಂತು 1977ರ ಮೇ 4ರಂದು ಪ್ರಸಾರವಾಯಿತು. ಸುಮಾರು 4 ಕೋಟಿ 50 ಲಕ್ಷ ಜನ ನೋಡಿದರು. ಎರಡು ವಾರದ ಮೇಲೆ, ಮೇ 19ರ ಕಂತಿನಲ್ಲಿ, ಸರಕಾರವನ್ನು ವಿರೋಧಿಸುವವರ ಮೇಲೆ ಅಕ್ರಮ ಬೇಹುಗಾರಿಕೆ ಮಾಡುವ ಯೋಜನೆಯ ವಿಷಯ ಬಂದಾಗ ನಿಕ್ಸನ್ ಹೇಳಿದ: ಅಧ್ಯಕ್ಷ ಮಾಡಿದನೆಂದರೆ ಅದು ಕಾನೂನಿಗೆ ವಿರುದ್ಧವಲ್ಲ ಎಂದೇ ಅರ್ಥ. ಈ ಮಾತನ್ನು ಹೇಳಿದಾಗ ಆತನ ಮುಖದಲ್ಲಿ ಪಶ್ಚಾತ್ತಾಪದ ನೆರಳಿಲ್ಲ. ಹಾಗಾದರೆ ನಿಜವಾದ ನಿಕ್ಸನ್ ಯಾರು? ಭಾರ ಹೊರುತ್ತೇನೆಂದವನೆ, ಕಾನೂನು ತನಗೆ ತಾಗದೆಂದವನೆ? ಇಬ್ಬರೂ ಒಬ್ಬನೇ ಎಂದು ಈಗ ನನ್ನ ಎಣಿಕೆ. ತಪ್ಪಿಗೆ ನೊಂದುಕೊಳ್ಳುವುದು ಒಂದು, ಆ ತಪ್ಪಿಗೆ ಮೂಲವಾದ ನಂಬಿಕೆಯನ್ನು ಬಿಡುವುದು ಇನ್ನೊಂದು. ಆತ ಮೊದಲನೆಯದನ್ನು ಮಾಡಿದ. ಎರಡನೆಯದು ಆತನಿಂದ ಆಗಲಿಲ್ಲ. ಆ ನಂಬಿಕೆಗೆ ಆತನೊಂದಿಗೆ ಸಾವೂ ಬರಲಿಲ್ಲ. 2024ರ ಜುಲೈ 1ರಂದು, ಅಧ್ಯಕ್ಷನಾಗಿದ್ದವನು ಸಂವಿಧಾನ ಕೊಟ್ಟ ಮುಖ್ಯ ಅಧಿಕಾರದ ಬಲದಿಂದ ಮಾಡಿದ ಕಾರ್ಯಗಳಿಗಾಗಿ ಆತನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಗದೆಂದು ಅದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಿಕ್ಸನ್ನನ ಮಾತಿಗೂ ಈ ತೀರ್ಪಿಗೂ ಇರುವ ಅಂತರವೆಷ್ಟು ಎಂದು ಆ ದೇಶದ ಕಾನೂನು ಬಲ್ಲವರು ವಾದಿಸುತ್ತಿದ್ದಾರೆ.

ಇದರ ನಡುವೆ ನನಗೆ ಸಮಾಧಾನ ಕೊಟ್ಟದ್ದು ಆ ಕಾಲದ ಅಮೆರಿಕದ ಸಾಮಾನ್ಯ ಜನರ ವಿವೇಕ. ಪ್ರಸಾರವಾದ ಮೇಲೆ ಗ್ಯಾಲಪ್ ಸಂಸ್ಥೆ ಅಭಿಪ್ರಾಯ ಸಂಗ್ರಹಿಸಿತು. ನೋಡಿದವರಲ್ಲಿ ನೂರಕ್ಕೆ 44 ಮಂದಿ ನಿಕ್ಸನ್ನನ ಮೇಲೆ ಮೊದಲಿಗಿಂತ ಹೆಚ್ಚು ಸಹಾನುಭೂತಿ ಹುಟ್ಟಿತೆಂದರು. ಆದರೆ ನೂರಕ್ಕೆ 72 ಮಂದಿ ಆತ ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧಿ ಎಂದರು. 69 ಮಂದಿ ಇನ್ನೂ ಮುಚ್ಚಿಡುತ್ತಿದ್ದಾನೆಂದರು. 75 ಮಂದಿ ಸಾರ್ವಜನಿಕ ಜೀವನದಲ್ಲಿ ಆತನಿಗೆ ಮತ್ತೆ ಸ್ಥಾನ ಬೇಡವೆಂದರು. ಕನಿಕರಪಟ್ಟವರಲ್ಲಿ ಬಹಳ ಮಂದಿ ತೀರ್ಪನ್ನು ಸಡಿಲ ಮಾಡಲಿಲ್ಲವೆಂದು ಲೆಕ್ಕದಿಂದ ತಿಳಿಯುತ್ತದೆ. ಮುಖ ನೋಡಿ ಮನಸ್ಸು ಕರಗಿತು. ಸುರುಳಿಯಲ್ಲಿ ಕೇಳಿದ್ದನ್ನು ಮರೆಯಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಒಂದು ರಾತ್ರಿಯ ಮಟ್ಟಿಗೆ ಅದನ್ನು ಮರೆತಿದ್ದೆ.

ಮೇಲೆ ಹೇಳಿದ ಸಿನಿಮಾವನ್ನೂ ಆಮೇಲೆ ನೋಡಿದೆ. ಅದರಲ್ಲಿ ನಿಕ್ಸನ್ ನಡುರಾತ್ರಿ ಫ್ರಾಸ್ಟನಿಗೆ ಟೆಲಿಫೋನ್ ಮಾಡಿ ಒಳಗುದಿಯನ್ನು ತೋಡಿಕೊಳ್ಳುವ ದೃಶ್ಯ ಬಹಳ ಚೆನ್ನಾಗಿದೆ. ಅಂತಹ ಕರೆ ನಡೆದೇ ಇರಲಿಲ್ಲ. ಅದು ನಾಟಕಕಾರನ ಕಲ್ಪನೆ. ಕವಿಗೆ ಆ ಸ್ವಾತಂತ್ರ್ಯವಿದೆ, ರನ್ನನೂ ಅದನ್ನು ಬಳಸಿಕೊಂಡವನೇ. ಆದರೆ ಇಂದಿನ ಎಳೆಯರು ಅನೇಕರು ನಿಕ್ಸನ್ನನನ್ನು ಆ ಕರೆಯಿಂದಲೇ ಬಲ್ಲರು. ಆರ್ಚರ್ ಬ್ಲಡ್‌ನ ತಂತಿಯಲ್ಲಿ ಮುಖವಿಲ್ಲ, ಬೆವರಿಲ್ಲ, ಗದ್ಗದವಿಲ್ಲ, ಬರಿಯ ಅಕ್ಷರ. ನೋಡುವವರ ಕಣ್ಣಿನಲ್ಲಿ ಅದು ಸೋಲುತ್ತದೆ. ಓದುವವರು ಇರುವ ತನಕ ಮಾತ್ರ ಅದಕ್ಕೆ ಬೆಲೆ.

1994ರ ಏಪ್ರಿಲ್ 22ರಂದು ನಿಕ್ಸನ್ ತೀರಿಕೊಂಡ. ಹುಟ್ಟಿದ ಊರಿನಲ್ಲೇ ಸಮಾಧಿಯಾಯಿತು. ಇಡೀ ಬದುಕನ್ನು ನೋಡಿ ತೂಗಬೇಕೆಂದು ಅಂದಿನ ಅಧ್ಯಕ್ಷ ಕ್ಲಿಂಟನ್ ಅಲ್ಲಿ ಹೇಳಿದರು. ಮಾತು ಸರಿಯೇ. ಆದರೆ ಇಡೀ ಬದುಕು ಎಂದಾಗ ಅದರಲ್ಲಿ ಡಾಕ್ಕಾ ಕೂಡ ಸೇರಬೇಕಷ್ಟೆ.

ಈ ವರ್ಷ ಮತ್ತೆ ‘ಗದಾಯುದ್ಧ’ದ ಪಾಠ ಬಂತು. ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳಲು ಮೊದಲಿನಿಂದ ಓದುತ್ತ ಹೋದಾಗ, ಇಷ್ಟು ವರ್ಷ ಹೇಳಿಕೊಡುತ್ತ ಬಂದಿದ್ದರೂ ಗಮನಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ದುರ್ಯೋಧನನ ಪ್ರಲಾಪಕ್ಕೆ ಬಹಳ ಮೊದಲೇ, ಕಾವ್ಯದ ಆರಂಭದ ಭಾಗದಲ್ಲಿಯೇ, ರನ್ನ ದ್ರೌಪದಿಯನ್ನು ತಂದು ಭೀಮನ ಎದುರಿಗೆ ನಿಲ್ಲಿಸಿದ್ದಾನೆ. ಆಕೆಯ ಮಾತು ನಮ್ಮ ಕಿವಿಯಲ್ಲಿರುವಾಗಲೇ ದುರ್ಯೋಧನನ ಕಣ್ಣೀರನ್ನು ನಾವು ನೋಡುತ್ತೇವೆ. ಅವನಿಗಾಗಿ ಅಳಬಹುದು, ಆಕೆಯನ್ನು ಮರೆತು ಅಳಬೇಕಾಗಿಲ್ಲ. ಸಾವಿರ ವರ್ಷದ ಹಿಂದಿನ ಕವಿಗೆ ತಿಳಿದಿದ್ದುದನ್ನು ನಾನು ತಡವಾಗಿ ತಿಳಿದೆ. ಪ್ರಶ್ನೆ ಕೇಳಿದ ಹುಡುಗಿ ಆ ವೇಳೆಗೆ ಪದವಿ ಮುಗಿಸಿ ಹೋಗಿದ್ದಳು. ಈ ಸಲ ನಾನು ದ್ರೌಪದಿಯ ಭಾಗವನ್ನು ಮೊದಲು ಓದಿಸಿ, ಆಮೇಲೆ ರಣರಂಗಕ್ಕೆ ಹೋದೆ. ತರಗತಿ ಎಂದಿನಂತೆಯೇ ಸದ್ದಡಗಿ ಕೇಳಿತು.

ತಂದೆಯವರು ಈಗಲೂ ಮೋಸಗಾರರನ್ನು ನಿಕ್ಸನ್ ಎಂದೇ ಕರೆಯುತ್ತಾರೆ. ಹೋದ ತಿಂಗಳು ಮನೆಯ ನಲ್ಲಿ ರಿಪೇರಿಗೆ ಬರುತ್ತೇನೆಂದು ಮೂರು ದಿನ ಕಾಯಿಸಿದವನಿಗೆ ಆ ಬಿರುದು ಸಿಕ್ಕಿತು. ನಾನು ತಿದ್ದಲು ಹೋಗಲಿಲ್ಲ.